ಕಾರ್ಬಿ ಕೊಳ್ಳದಾಚೆಯ ಕುರಿಗಳು

ಹೇರ್‌ಹೋಪ್
6 ಜುಲೈ 2019

ಪ್ರೀತಿಯ ಅತ್ತೆ,

ನೀವು ನ್ಯಾನ್ ಚಿಕ್ಕಮ್ಮನ ಮನೆಗೆ ಹೋಗಿ ಇವತ್ತಿಗೆ ಮೂರು ವಾರ. ಫೋನು ಮಾಡೋಣವೆಂದರೆ ಚಿಕ್ಕಮ್ಮ ಒಳಕೋಣೆಯ ಇನ್ನೊಂದು ಫೋನು ಎತ್ತಿಕೊಂಡು ಉಸಿರು ಬಿಡುತ್ತಾ ಕೇಳಿಸಿಕೊಳ್ಳುತ್ತಾರೆ. ನಿಮಗೋ ಆ ಯಂತ್ರದಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಅದಕ್ಕೇ ಕಾಗದ.

ರೋನಾಗೆ ಐದು ತಿಂಗಳು ತುಂಬಿತು. ನಿದ್ದೆ ಮಾತ್ರ ಇನ್ನೂ ಕಲಿತಿಲ್ಲ. ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ನಿಮಿಷ ಕಣ್ಣು ಮುಚ್ಚಿದಳು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೇನೆ. ನಿನ್ನೆಯ ಚೌಕದಲ್ಲಿ ಜಾಗ ಸಾಲದೆ ಬರವಣಿಗೆ ನಾಳೆಯ ಚೌಕಕ್ಕೂ ಹರಿದಿದೆ. ಅವಳ ಉಸಿರು ಸ್ವಲ್ಪ ನಿಧಾನವಾದರೆ ಎದ್ದು ನೋಡುತ್ತೇನೆ, ಜೋರಾದರೂ ಎದ್ದು ನೋಡುತ್ತೇನೆ. "ಮಗು ಮಲಗಿದ್ರೆ ನೀನೇ ಎಬ್ಬಿಸ್ತೀಯಲ್ಲೇ" ಎಂದು ಗ್ರೇಮ್ ರೇಗುತ್ತಾನೆ. ನಿಮ್ಮ ಮಗನಿಗೆ ಏನು, ಗೊರಕೆ ಹೊಡೆಯುತ್ತಲೇ ಹುಟ್ಟಿದವನು.

ಉಣ್ಣೆ ಕತ್ತರಿಸುವುದು ಮುಗಿಯಿತು. ನೆರೆಯವರು ಹದಿನಾಲ್ಕು ಜನ ಬಂದಿದ್ದರು. ನಿಮ್ಮ ಹಾಗೆ ಸಾರು ಮಾಡಲು ಹೋಗಿ ಬಾರ್ಲಿ ತಳ ಹಿಡಿಸಿದೆ. ಟರ್ನ್‌ಬುಲ್ ಮಾತ್ರ ಎರಡು ಸಲ ಹಾಕಿಸಿಕೊಂಡು, "ಎಲ್ಸ್‌ಪೆತ್ ಮಾಡಿದ್ರೆ ಹೊಗೆ ವಾಸನೆ ಎಲ್ಲಿರ್ತಿತ್ತು? ಇದಕ್ಕೆ ಅಂತ ಪೇಟೇಲಿ ದುಡ್ಡು ತಗೋತಾರೆ" ಅಂದರು.

ಕೆಳಗಿನ ಹೊಲದ ಅವಳಿ ಮರಿಗಳು ಸ್ವಲ್ಪ ಸೊರಗಿವೆ. ಜಂತಿನ ಬಿಳಿ ಔಷಧಿ ಕುಡಿಸಿ ಹತ್ತು ದಿನವಾದರೂ ಬಾಲದ ಕೆಳಗೆ ಹಸಿರು ಮೆತ್ತಿಕೊಂಡೇ ಇದೆ. ಎರಡು ಸತ್ತವು. ಚಿಂತೆ ಮಾಡುವಂಥದ್ದೇನೂ ಇಲ್ಲ.

ಯಾವಾಗ ಬರುತ್ತೀರಿ? ಮನೆಯಲ್ಲಿ ಈಗ ಮೊದಲಿನಷ್ಟು ಗಲಾಟೆಯಿಲ್ಲ. (ಇದು ಸುಳ್ಳು. ಆದರೆ ನಿಜವಾಗುತ್ತದೆ.)

ನಿಮ್ಮ ಸೊಸೆ,
ಐಲ್ಸಾ


ಐಮತ್
12 ಜುಲೈ

ಐಲ್ಸಾ,

ಕಾಗದ ಸಿಕ್ಕಿತು. ಮರಿಗೆ ಔಷಧಿ ಕುಡಿಸುವಾಗ ಮೂತಿಯನ್ನು ಆಕಾಶಕ್ಕೆ ಎತ್ತಬಾರದು, ನೇರ ಹಿಡಿಯಬೇಕು, ನಾಲಿಗೆಯ ಹಿಂದಕ್ಕೆ ಬಿಡಬೇಕು. ಗ್ರೇಮ್ ಅವಸರದಲ್ಲಿ ಕೆನ್ನೆಗೆ ಹೊಡೆಯುತ್ತಾನೆ, ಅರ್ಧ ಹೊಟ್ಟೆಗೆ, ಅರ್ಧ ಅವನ ಪ್ಯಾಂಟಿಗೆ. ಅಳತೆಯನ್ನು ಹಿಂಡಿನ ಅತಿ ಭಾರದ ಮರಿಗೆ ಇಡಬೇಕು, ಸಣ್ಣದಕ್ಕಲ್ಲ. ಅವನಪ್ಪ ಇದನ್ನು ಸಾವಿರ ಸಲ ಹೇಳಿದ್ದರು.

ಮಗುವಿನ ಹೊಟ್ಟೆಯ ಮೇಲೆ ಅಂಗೈ ಬಿಸಿ ಮಾಡಿ ಇಡು. ಕ್ಯಾಲೆಂಡರು ಓದಿಕೊಂಡು ಯಾವ ಮಗುವೂ ಮಲಗಿದ್ದಿಲ್ಲ.

ನಾನು ಚೆನ್ನಾಗಿದ್ದೇನೆ. ಕಡಲ ಗಾಳಿ ಮೈಗೆ ಹಿಡಿಸಿದೆ. ದಿನಾ ಬೆಳಿಗ್ಗೆ ಬಂದರಿನ ಕಟ್ಟೆಯ ತುದಿಯವರೆಗೆ ನಡೆದು ಬರುತ್ತೇನೆ. ಹೆರಿಂಗ್ ಮೀನು ತಿಂದು ತಿಂದು ಸಾಕಾಗಿದೆ. ಬರುವ ದಿನ ಇನ್ನೂ ಗೊತ್ತಾಗಿಲ್ಲ. ನ್ಯಾನ್‌ಗೆ ಒಬ್ಬಳೇ ಇದ್ದರೆ ಬೇಜಾರು.

ಎಲ್ಸ್‌ಪೆತ್

ಇದು ನ್ಯಾನ್. ಅಂಚೆಗೆ ಹಾಕು ಎಂದು ಕಾಗದ ನನ್ನ ಕೈಗೆ ಕೊಟ್ಟಿದ್ದಾಳೆ, ಅದಕ್ಕೇ ಎರಡು ಸಾಲು. ನನಗೆ ಯಾವ ಬೇಜಾರೂ ಇಲ್ಲ. ಬಂದರಿನ ಕಟ್ಟೆಯನ್ನು ಇವಳು ಕಿಟಕಿಯಿಂದ ನೋಡುತ್ತಾಳೆ, ಅಷ್ಟೇ.


ಹೇರ್‌ಹೋಪ್
24 ಜುಲೈ

ಪ್ರೀತಿಯ ಅತ್ತೆ,

ಚಿಕ್ಕಮ್ಮನ ಎರಡು ಸಾಲು ಓದಿ ನನಗೆ ಊಟ ಸೇರಲಿಲ್ಲ. ಕಿಟಕಿಯ ಹತ್ತಿರ ಕೂತು ಏನು ಯೋಚಿಸುತ್ತೀರಿ? ಇಲ್ಲಿ ಯಾರಾದರೂ ನಿಮ್ಮ ಮನಸ್ಸಿಗೆ ನೋವಾಗುವಂತೆ ನಡೆದುಕೊಂಡಿದ್ದರೆ ಹೇಳಿಬಿಡಿ. ಯಾರಾದರೂ ಅಂದರೆ ನಾನೇ.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕುರಿ ಹಿಕ್ಕೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ.

ನಗಬೇಡಿ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಮೋರ್ವೆನ್ ಈಗ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಹಿಕ್ಕೆಯಲ್ಲಿರುವ ಜಂತಿನ ಮೊಟ್ಟೆಗಳನ್ನು ಅವರು ಮರಿ ಮಾಡಿಸಿ, ಆ ಜಂತುಗಳ ವಂಶವಾಹಿ ಓದುತ್ತಾರೆ. ಅದರಲ್ಲಿ ಒಂದೇ ಒಂದು ಕಡೆ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಸಾಕು, ಬಿಳಿ ಔಷಧಿ ಆ ಜಂತನ್ನು ಹಿಡಿಯಲಾರದಂತೆ. ನೂರರಲ್ಲಿ ಎಷ್ಟು ಜಂತುಗಳು ಹಾಗಾಗಿವೆ ಎಂದು ಎಣಿಸಿ ಹೇಳುತ್ತಾರೆ. ಪೋಸ್ಟಿನ ಆರ್ಚಿ ಪೊಟ್ಟಣ ಹಿಡಿದು, "ಬೆಚ್ಚಗಿದೆಯಲ್ಲಮ್ಮ, ಕೇಕಾ?" ಅಂದ. ಹೌದು ಅಂದೆ. ಮೂಗಿನ ಹತ್ತಿರ ತಂದ ಮೇಲೆ ಅದನ್ನು ತೋಳು ಚಾಚಿ ಹಿಡಿದುಕೊಂಡೇ ಹೋದ.

ಗ್ರೇಮ್‌ಗೆ ಇದೆಲ್ಲ ಹಿಡಿಸಿಲ್ಲ. ಗಿಡ ನೆಡುವ ಕಂಪನಿಯವರು ಮತ್ತೆ ಕಾಗದ ಬರೆದಿದ್ದಾರೆ, ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಬೇಕಂತೆ. ಗುಡ್ಡ ಪೂರ್ತಿ ಅವರಿಗೆ, ಕುರಿ ಪೂರ್ತಿ ಸಂತೆಗೆ. "ಔಷಧಿನೇ ನಾಟದಿದ್ರೆ ಕುರಿ ಇಟ್ಕೊಂಡು ಏನ್ ಮಾಡೋದು? ಪ್ರತಿ ಬೇಸಿಗೇಲೂ ಗುಂಡಿ ತೋಡ್ತಾ ಕೂರೋದಾ?" ಎನ್ನುತ್ತಾನೆ. ನಾನು ಹೇಳಿದೆ, ಬೇಲಿಯಿಲ್ಲದ ಗುಡ್ಡ ಇದು, ಯಾವ ಕುರಿಯ ನೆಲೆ ಎಲ್ಲಿಯವರೆಗೆ ಎಂದು ತಾಯಿ ಮರಿಗೆ ಕಲಿಸಿದ್ದೇ ಬೇಲಿ, ಒಮ್ಮೆ ಮಾರಿದರೆ ಇನ್ನೆಲ್ಲಿಂದ ತಂದು ಬಿಟ್ಟರೂ ಇಲ್ಲಿ ನಿಲ್ಲುವುದಿಲ್ಲ ಎಂದು. "ನಂಗೇ ಪಾಠ ಹೇಳ್ತೀಯಾ?" ಅಂದು ಎದ್ದು ಹೋದ. ಆದರೆ ಹೋಗುವಾಗ ಬಾಗಿಲು ಮೆತ್ತಗೆ ಹಾಕಿದ.

ಪ್ರಯೋಗಾಲಯದ ಫಾರಮ್ಮಿಗೆ ನಿಮ್ಮ ಔಷಧಿ ಪುಸ್ತಕ ನೋಡಿ ತುಂಬಿಸಿದೆ. ಎಷ್ಟು ಓರಣದ ಅಕ್ಷರ! ಕಾರ್ಬಿ ಕೊಳ್ಳದಾಚೆಯ ನೆಲೆಗೆ ವರ್ಷಕ್ಕೆ ಎರಡು ಸಲ, ಒಂದು ಸಲವೂ ತಪ್ಪಿಲ್ಲ. ಆ ದೂರದ ನೆಲೆಯನ್ನು ನೀವೊಬ್ಬರೇ, ಜಿಪ್ ನಾಯಿಯೊಂದನ್ನು ಕರೆದುಕೊಂಡು, ಬೆನ್ನಿಗೆ ಔಷಧಿ ಹೊತ್ತು, ಅಲ್ಲಿಯ ಕಲ್ಲಿನ ದುಂಡುದೊಡ್ಡಿಯಲ್ಲಿ ಕೂಡಿಹಾಕಿ ಕುಡಿಸುತ್ತಿದ್ದಿರಿ ಎಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ. ನಾನು ಅಡುಗೆಮನೆಯಿಂದ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತೇನೆ.

ಎಲ್ಲ ನೆಲೆಗಳ ಹಿಕ್ಕೆಯೂ ಬೇಕಂತೆ. ಮುಂದಿನ ವಾರ ಕಾರ್ಬಿಗೂ ಹೋಗುತ್ತೇನೆ, ರೋನಾಳನ್ನು ಬೆನ್ನಿಗೆ ಕಟ್ಟಿಕೊಂಡು.

ಐಲ್ಸಾ


ಐಮತ್
29 ಜುಲೈ

ಐಲ್ಸಾ,

ಕಾರ್ಬಿಗೆ ಹೋಗಬೇಡ. ಆ ಹಳ್ಳದ ಕಲ್ಲುಗಳ ಮೇಲೆ ಪಾಚಿಯಿದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅದನ್ನು ದಾಟುವುದು ತಿಳಿದವರು ಮಾಡುವ ಕೆಲಸವಲ್ಲ.

ಕಾಯಿಲೆ ಇರುವುದು ಕೆಳಗಿನ ಹೊಲದಲ್ಲಿ. ಅದಕ್ಕೆ ಮೇಲಿನ ಕುರಿಯ ಹಿಕ್ಕೆ ಯಾಕೆ? ಕೊಟ್ಟದ್ದೆಲ್ಲ ಪುಸ್ತಕದಲ್ಲಿದೆ, ಅಷ್ಟು ಸಾಕು.

ನನ್ನ ಮನಸ್ಸಿಗೆ ಯಾರೂ ನೋವು ಮಾಡಿಲ್ಲ.

ಎಲ್ಸ್‌ಪೆತ್


ಹೇರ್‌ಹೋಪ್
6 ಆಗಸ್ಟ್

ಅತ್ತೆಯವರಿಗೆ,

ತಿಳಿದವಳಲ್ಲದ ನಾನು ಹೋಗಿ ಬಂದೆ.

ಮಗುವಿಗೆ ಏನೂ ಆಗಲಿಲ್ಲ. ಹಳ್ಳವನ್ನು ಕೆಳಗಡೆ, ನೀರು ಅಗಲವಾಗಿ ಮೊಣಕಾಲಿಗಿಂತ ಕಡಿಮೆ ಇರುವ ಕಡೆ, ಕೋಲೂರಿ ದಾಟಿದೆ. ರೋನಾ ಮನೆಯ ಹಿಂದಿನ ಗೇಟು ದಾಟುವ ಮೊದಲೇ ನಿದ್ದೆ ಹೋದವಳು ಎರಡು ಗಂಟೆ ನಲವತ್ತು ನಿಮಿಷ ಏಳಲಿಲ್ಲ. ನನ್ನ ಕತ್ತಿಗೆ ಅವಳ ಜೊಲ್ಲು ಇಳಿಯುತ್ತಿತ್ತು. ಹುಟ್ಟಿದಂದಿನಿಂದ ಇಷ್ಟು ಹೊತ್ತು ಅವಳು ಮಲಗಿದ್ದಿಲ್ಲ. ನಾನು ಒಬ್ಬಳೇ ಇದ್ದೂ ಹೆದರದೆ ಇದ್ದದ್ದೂ ಅದೇ ಮೊದಲು.

ಮಲಗಿದ್ದ ಕುರಿಗಳನ್ನು ಒಂದೊಂದಾಗಿ ಎಬ್ಬಿಸಿದರೆ ಎದ್ದ ಕೂಡಲೇ ಹಿಕ್ಕೆ ಹಾಕುತ್ತವೆ. ಬಿಸಿಬಿಸಿಯಾಗಿ ಆಯ್ದು ಚೀಲಕ್ಕೆ ಹಾಕಿದೆ. ತಾಯಿಗಳದ್ದು ಹತ್ತು, ಮರಿಗಳದ್ದು ಇಪ್ಪತ್ತು. ಆ ಕಡೆಯ ಕುರಿಗಳು ಗಟ್ಟಿಯಾಗಿವೆ, ಮರಿಗಳ ಬಾಲವೂ ಚೊಕ್ಕ.

ದುಂಡುದೊಡ್ಡಿಯ ಒಳಗೆ ತುರಿಕೆ ಗಿಡ ಎದೆಯೆತ್ತರ ಬೆಳೆದಿದೆ. ಗೇಟಿನ ಕೀಲು ತುಕ್ಕು ಹಿಡಿದು ತೆರೆಯಲಿಲ್ಲ. ನಿಮ್ಮ ಹಾಗೆ ಅಚ್ಚುಕಟ್ಟಾಗಿ ನಾವು ಯಾವುದನ್ನೂ ಇಟ್ಟುಕೊಂಡಿಲ್ಲ ಎಂದು ಗೊತ್ತು, ಗ್ರೇಮ್‌ಗೆ ಹೇಳಿ ಸರಿಮಾಡಿಸುತ್ತೇನೆ.

ಐಲ್ಸಾ


ಐಮತ್
20 ಆಗಸ್ಟ್

ಐಲ್ಸಾ,

ದೊಡ್ಡಿಯನ್ನು ಸರಿ ಮಾಡುವುದು ಬೇಡ. ಗ್ರೇಮ್‌ಗೆ ಹೇಳುವುದೂ ಬೇಡ.

ಅವನು ಕುರಿ ಮಾರಬೇಕೆಂದರೆ ಮಾರಲಿ. ನನ್ನದೇನೂ ತಕರಾರಿಲ್ಲ. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ. ಗಿಡಗಳಿಗೆ ಜಂತು ಬೀಳುವುದಿಲ್ಲ.

ಇನ್ನು ಸ್ವಲ್ಪ ದಿನ ಕಾಗದ ಬರೆಯಲಾಗದು, ನ್ಯಾನ್ ಜೊತೆ ಊರು ಸುತ್ತಲು ಹೋಗುತ್ತಿದ್ದೇನೆ.

ಎಲ್ಸ್‌ಪೆತ್


ಹೇರ್‌ಹೋಪ್
4 ಸೆಪ್ಟೆಂಬರ್

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ದೊಡ್ಡಿಯ ಸಾಲು ಮುಚ್ಚುವಂತೆ ಮಡಿಸಿ ಕೊಟ್ಟೆ. ಗ್ರೇಮ್ ನಿಂತುಕೊಂಡು ಓದಿದ, ಆಮೇಲೆ ಕೂತುಕೊಂಡು ಓದಿದ. "ಅಮ್ಮ ಹೀಗಂದ್ಲಾ? ಅಮ್ಮನೇ?" ಅಂದ. ಅವತ್ತು ಸಂಜೆಯೇ ಕಂಪನಿಯವರಿಗೆ ಬರೆಯಲು ಕೂತ. ಇನ್ನು ಹತ್ತು ದಿನ ತಡೆ, ಪರೀಕ್ಷೆಯ ಉತ್ತರ ಬರಲಿ ಎಂದು ಕೈ ಹಿಡಿದು ನಿಲ್ಲಿಸಿದೆ. ಇದನ್ನು ನಿಮಗೆ ಹೇಳಬಾರದೆಂದಿದ್ದೆ, ಯಾಕೆಂದರೆ ನೀವು ಮಾರಲಿ ಎಂದು ಬರೆದದ್ದು ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ಕೋಪ ಬರಿಸುವಂಥ ಕೆಲಸವನ್ನು ನಾನು ಮಾಡಿಯೂ ಇದ್ದೇನೆ.

ಸತ್ತದ್ದು ಎರಡು ಮರಿಯಲ್ಲ ಅತ್ತೆ, ಹನ್ನೊಂದು.

ಎರಡು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸದರಲ್ಲಿ, ಎಲ್ಲ ಮರಿಗಳಿಗೂ ಔಷಧಿ ಕುಡಿಸಿ ಮಾರನೇ ದಿನವೇ ಹೊಸ ಹುಲ್ಲಿನ ಚೊಕ್ಕ ಹೊಲಕ್ಕೆ ಹೊಡೆಯಬೇಕೆಂದು ಗ್ರೇಮ್‌ಗೆ ಹೇಳಿಕೊಟ್ಟವಳು ನಾನು. ನನ್ನ ಕಾಲೇಜಿನ ಪುಸ್ತಕದಲ್ಲಿ ಹಾಗಿತ್ತು, ಕೆಂಪು ಗೆರೆ ಎಳೆದುಕೊಂಡಿದ್ದೆ. ಅದೇ ತಪ್ಪಂತೆ. ಔಷಧಿಗೆ ಸಾಯದೆ ಉಳಿದ ಜಂತುಗಳನ್ನೇ ಆರಿಸಿ, ಬೇರೆ ಯಾವ ಜಂತೂ ಇಲ್ಲದ ಹೊಲಕ್ಕೆ ಕೈಯಾರೆ ಬಿಟ್ಟ ಹಾಗೆ. ಮೋರ್ವೆನ್ ಸಮಾಧಾನ ಹೇಳಿದಳು, ಇಷ್ಟು ಗಟ್ಟಿ ಜಂತು ಎರಡು ವರ್ಷದಲ್ಲಿ ಆಗುವುದಲ್ಲ, ಮೂವತ್ತು ವರ್ಷದಿಂದ ಎಲ್ಲರೂ ಎಲ್ಲರಿಗೂ ಇದನ್ನೇ ಹೇಳಿಕೊಟ್ಟಿದ್ದಾರೆ ಎಂದು. ಆದರೂ ಆ ಹನ್ನೊಂದನ್ನು ಹೂಳುವಾಗ ನಾನು ಕಿಟಕಿಯ ಪರದೆ ಎಳೆದುಕೊಂಡಿದ್ದೆ.

ಉತ್ತರ ಬಂದಿದೆ. ಕೆಳಗಿನ ಹೊಲದಲ್ಲಿ ನೂರು ಜಂತಿಗೆ ತೊಂಬತ್ತನಾಲ್ಕು ಔಷಧಿಗೆ ಬಗ್ಗದವು. ಹತ್ತಿರದ ನೆಲೆಗಳಲ್ಲಿ ಎಪ್ಪತ್ತರ ಮೇಲೆ.

ಕಾರ್ಬಿಯಲ್ಲಿ ಒಂಬತ್ತು.

ತೊಂಬತ್ತಲ್ಲ, ಒಂಬತ್ತು. ಮೋರ್ವೆನ್ ಫೋನು ಮಾಡಿ, "ಅದು ನಿಮ್ಮದೇ ಹಿಂಡು ತಾನೆ? ಪಕ್ಕದವರ ಕುರಿ ಸೇರ್ಕೊಂಡಿಲ್ವಲ್ಲ?" ಎಂದು ಎರಡು ಸಲ ಕೇಳಿದಳು. ನಾನೇ ಕಿವಿಯ ಗುರುತು ನೋಡಿ ಆಯ್ದದ್ದು ಎಂದೆ. ಅವಳು ಇನ್ನೊಂದು ಮಾತೂ ಅಂದಳು, ಅದು ಎದುರಿಗೆ ಕೂತು ಹೇಳುವಂಥದ್ದು. ಫಾರಮ್ಮಿನಲ್ಲಿ ಕಾರ್ಬಿಯ ಸಾಲನ್ನು ತಿದ್ದಿಕೊಳ್ಳಲು ಹೇಳಿದೆ. ಹೊಸಬಳು, ಪುಸ್ತಕ ಓದುವಾಗ ತಪ್ಪು ಮಾಡಿದೆ ಎಂದೆ.

ಔಷಧಿ ಪುಸ್ತಕ ನನ್ನ ಬಟ್ಟೆಯ ಬೀರುವಿನಲ್ಲಿದೆ. ಬೀಗ ಹಾಕಿದ್ದೇನೆ. ಗ್ರೇಮ್ ಕೇಳಿಲ್ಲ.

ಇದು ಒಳ್ಳೆಯ ಸುದ್ದಿ ಅತ್ತೆ. ನಿಮಗೆ ಹಾಗನಿಸದಿದ್ದರೂ ದಯವಿಟ್ಟು ನಂಬಿ. ಬಹಳ ಒಳ್ಳೆಯ ಸುದ್ದಿ.

ಐಲ್ಸಾ


ಐಮತ್
10 ಸೆಪ್ಟೆಂಬರ್

ಐಲ್ಸಾ,

ಅಕ್ಷರ ಸೊಟ್ಟಗಿದ್ದರೆ ಮನ್ನಿಸು, ಮಲಗಿಕೊಂಡು ಬರೆಯುತ್ತಿದ್ದೇನೆ. ನಿನ್ನ ಬೀರುವಿನ ಬೀಗದ ಸಾಲನ್ನು ಎಷ್ಟು ಸಲ ಓದಿದೆನೆಂದರೆ ನ್ಯಾನ್ ಬಂದು, "ಏನೇ ಅದು, ಪ್ರೇಮಪತ್ರಾನಾ?" ಎಂದು ಕೇಳಿದಳು.

ನೀನು ಊಹಿಸಿದ್ದು ಸರಿ. ಬಾಯಿಬಿಟ್ಟು ಹೇಳಿಯೇಬಿಡುತ್ತೇನೆ.

ಗುಡ್ಡದ ಕುರಿಗೂ ವರ್ಷಕ್ಕೆರಡು ಸಲ ಔಷಧಿ ಎಂದು ನಿನ್ನ ಮಾವ ಶುರುಮಾಡಿದ್ದು ಹನ್ನೆರಡು ವರ್ಷದ ಹಿಂದೆ. ಎರಡು ವರ್ಷ ನಾನು ಸರಿಯಾಗಿಯೇ ಕುಡಿಸಿದೆ. ಮೂರನೇ ವರ್ಷ ಹಳ್ಳ ದಾಟುವಾಗ ಬಿದ್ದೆ. ಬಲ ಮೊಣಕಾಲು. ಜಿಪ್‌ನ ಅಮ್ಮ ಇದ್ದಳು ಆಗ, ಅವಳ ಕತ್ತು ಹಿಡಿದುಕೊಂಡು ಎದ್ದೆ. ಮನೆಗೆ ಬಂದು, ಕುಡಿಸಿ ಬಂದೆ ಅಂದೆ. ಹೇಳಿದ್ದರೆ ನಿನ್ನ ಮಾವ ಆ ನೆಲೆಯನ್ನೇ ಮಾರಿಬಿಡುತ್ತಿದ್ದರು. ಅಷ್ಟು ದೂರ ಹೋಗುವವರು ಯಾರು ಎಂದು ಮೊದಲೇ ಗೊಣಗುತ್ತಿದ್ದರು. ನಮ್ಮ ಗುಡ್ಡದಲ್ಲೇ ಹಳೆಯ ಸಾಲಿನ ಕುರಿಗಳು ಅವು.

ಆಮೇಲೆ ಪ್ರತಿ ಸಲವೂ ಬೆಳಿಗ್ಗೆ ಹೊರಡುವುದು, ಹಳ್ಳದ ಈಚೆಯ ಬಂಡೆಯ ಮೇಲೆ ಕೂರುವುದು, ರೊಟ್ಟಿ ತಿನ್ನುವುದು, ದುರ್ಬೀನು ಹಿಡಿದು ಒಂದೊಂದು ಕುರಿಯ ನಡಿಗೆ ನೋಡುವುದು, ಸಂಜೆಗೆ ವಾಪಸು. ತಂದ ಔಷಧಿಯನ್ನು ದೊಡ್ಡ ಡಬ್ಬಿಗೇ ಸುರಿದಿಡುತ್ತಿದ್ದೆ. ಪುಸ್ತಕದಲ್ಲಿ ಮಾತ್ರ ಒಳ್ಳೆಯ ಅಕ್ಷರದಲ್ಲಿ ಬರೆಯುತ್ತಿದ್ದೆ. ಹತ್ತು ವರ್ಷ. ಬೇಸಿಗೆಯಲ್ಲಿ ಉಣ್ಣೆಗೆ ಕೂಡಿಸುವಾಗ ನೆರೆಯ ಹುಡುಗರು ಹೋಗುತ್ತಿದ್ದರು, ಯಾರಿಗೂ ಗೊತ್ತಾಗಲಿಲ್ಲ.

ನೀನು ಮರಿಗಳು ಸತ್ತವು ಎಂದು ಬರೆದಾಗ, ಔಷಧಿ ಕಾಣದ ನನ್ನ ಕುರಿಗಳಿಂದಲೇ ಜಂತು ಕೆಳಗಿಳಿದು ಬಂತು, ಮಗನ ಹಿಂಡನ್ನು ನಾನೇ ಹಾಳು ಮಾಡಿದೆ ಎಂದುಕೊಂಡೆ. ಅದಕ್ಕೇ ಮಾರಲಿ ಎಂದು ಬರೆದದ್ದು. ಅದಕ್ಕೇ ಕಾರ್ಬಿಗೆ ಹೋಗಬೇಡ ಎಂದದ್ದು. ನಿನ್ನ ಮೇಲೆ ಸಿಟ್ಟಲ್ಲ ಮಗಳೇ. ಹಳ್ಳವನ್ನು ಎಲ್ಲಿ ದಾಟಬೇಕೆಂದು ನೀನು ಮೊದಲನೇ ದಿನವೇ ಕಂಡುಕೊಂಡೆ, ನನಗೆ ಅದು ತಿಳಿಯುವಷ್ಟರಲ್ಲಿ ಕಾಲು ಹೋಗಿತ್ತು.

ಊರು ಸುತ್ತಲು ಹೋದದ್ದೂ ಸುಳ್ಳು. ಆಗಸ್ಟ್ ಇಪ್ಪತ್ತೆಂಟಕ್ಕೆ ಮೊಣಕಾಲು ಬದಲಾಯಿಸಿದರು. ಅದಕ್ಕೆಂದೇ ಇಲ್ಲಿಗೆ ಬಂದದ್ದು, ಆಸ್ಪತ್ರೆ ಇಲ್ಲಿಂದ ಹತ್ತಿರ. ಕೈಗೂಸಿನ ತಾಯಿಗೆ ಇನ್ನೊಂದು ಹೊರೆ ಯಾಕೆಂದು ಹೇಳಲಿಲ್ಲ.

ಒಂಬತ್ತು ಅಂದರೆ ಒಳ್ಳೆಯದು ಅಂತೀಯಲ್ಲ, ಹೇಗೆ? ನನಗೆ ಇನ್ನೂ ಅರ್ಥವಾಗಿಲ್ಲ.

ಎಲ್ಸ್‌ಪೆತ್


ಹೇರ್‌ಹೋಪ್
15 ಸೆಪ್ಟೆಂಬರ್

ನನ್ನ ಪ್ರೀತಿಯ ಅತ್ತೆ,

ಕಾಗದ ಓದಿ ಅಳು ಬಂತು, ಆಮೇಲೆ ನೀವು ಬಂಡೆಯ ಮೇಲೆ ಕೂತು ರೊಟ್ಟಿ ತಿನ್ನುವುದನ್ನು ನೆನೆದು ನಗು ಬಂತು, ನನ್ನ ನಗು ಕೇಳಿ ರೋನಾಗೂ ನಗು ಬಂತು. ಅವಳು ಜೋರಾಗಿ ನಕ್ಕದ್ದು ಇದೇ ಮೊದಲ ಸಲ. ಕ್ಯಾಲೆಂಡರಿನಲ್ಲಿ ಬರೆದೆ.

ಮೋರ್ವೆನ್ ಅಂದ ಆ ಇನ್ನೊಂದು ಮಾತನ್ನು ಈಗ ಹೇಳಬಹುದು. "ಐಲ್ಸಾ, ನಿಮ್ಮ ಪುಸ್ತಕ ಸುಳ್ಳು ಹೇಳ್ತಿದೆ, ಇಲ್ಲಾ ಈ ಜಂತುಗಳು ಸುಳ್ಳು ಹೇಳ್ತಿವೆ. ಜಂತುಗಳಿಗೆ ಅಷ್ಟು ಬುದ್ಧಿ ಇಲ್ಲ ಕಣೇ" ಅಂದಳು.

ಹೇಗೆ ಒಳ್ಳೆಯದು ಎಂದು ಕೇಳಿದಿರಿ. ಕಾರ್ಬಿಯ ಜಂತುಗಳು ಹತ್ತು ವರ್ಷದಿಂದ ಔಷಧಿಯ ಮುಖವನ್ನೇ ಕಾಣದವು. ಅದಕ್ಕೇ ಮೆತ್ತಗೆ ಉಳಿದಿವೆ, ಕುಡಿಸಿದರೆ ಸಾಯುತ್ತವೆ. ಕೆಳಗೆ ಇರುವುದೆಲ್ಲ ಗಟ್ಟಿ ಜಾತಿ. ಮೆತ್ತಗಿನವು ಕೆಳಗಿಳಿದು ಗಟ್ಟಿಯವುಗಳ ಜೊತೆ ಬೆರೆತು ಹೆಚ್ಚಿದರೆ, ನಿಧಾನವಾಗಿ ಕೆಳಗಿನ ಹೊಲವೂ ಮೆತ್ತಗಾಗುತ್ತದೆ. ಒಂದೇ ವರ್ಷದ ಮಾತಲ್ಲ, ಆಗೇ ಆಗುತ್ತದೆ ಎಂದು ಅವಳು ಆಣೆ ಹಾಕಲಿಲ್ಲ. ಆದರೆ ಬೇರೆ ಎಷ್ಟೋ ಹಿಂಡುಗಳಿಗೆ ಈ ಅವಕಾಶವೇ ಇಲ್ಲವಂತೆ, ಮೆತ್ತಗಿನ ಜಂತು ಅವರ ಗುಡ್ಡದಲ್ಲಿ ಎಲ್ಲೂ ಉಳಿದಿಲ್ಲ. "ನಿಮ್ಮಲ್ಲಿ ಯಾರೋ ಅದನ್ನ ಕಾಪಾಡಿದಾರೆ" ಅಂದಳು.

ನಿಮ್ಮಿಂದ ಹಾಳಾದದ್ದೇನೂ ಇಲ್ಲ. ಉಳಿದಿರುವುದು ಇದ್ದರೆ ನಿಮ್ಮ ಮೊಣಕಾಲಿನಿಂದ.

ಈ ತಿಂಗಳ ಕೊನೆಗೆ ಕಾರ್ಬಿಯ ಮರಿಗಳನ್ನು ತಾಯಿಗಳ ಸಮೇತ ಕೆಳಗಿಳಿಸಬೇಕು. ಮರಿಗಳ ಹಿಕ್ಕೆಯಲ್ಲೇ ಮೊಟ್ಟೆ ಹೆಚ್ಚು, ಆದ್ದರಿಂದ ಅವು ಮುಖ್ಯ. ಪ್ರತಿ ವರ್ಷ ಗ್ರೇಮ್ ಹೊಲದ ಗೇಟಿನಲ್ಲೇ ಅವಕ್ಕೆ ಬಿಳಿ ಔಷಧಿ ಕುಡಿಸಿ ಒಳಗೆ ಬಿಡುತ್ತಿದ್ದನಲ್ಲ, ಆ ಮೆತ್ತಗಿನ ಜಂತುಗಳೆಲ್ಲ ಗೇಟಿನಲ್ಲೇ ಸಾಯುತ್ತಿದ್ದವು. ಈ ವರ್ಷ ಕುಡಿಸದೆ ಬಿಡಬೇಕು. ಸೊರಗಿದ ಮರಿಗೆ ಮಾತ್ರ, ಅದೂ ಬೇರೆ ಬಗೆಯ ಹಳದಿ ಔಷಧಿ.

ಗ್ರೇಮ್‌ಗೆ ಇದನ್ನು ಹೇಳಬೇಕಾದರೆ ಕಾರ್ಬಿಗೆ ಔಷಧಿ ಸಿಕ್ಕಿಲ್ಲ ಎಂದೂ ಹೇಳಬೇಕು. ನಿಮ್ಮ ಅನುಮತಿಯಿಲ್ಲದೆ ಹೇಳುವುದಿಲ್ಲ. ಕಂಪನಿಗೆ ಬರೆದ ಕಾಗದ ಲಕೋಟೆಯಲ್ಲಿ ಕೂತಿದೆ, ಇನ್ನೂ ಅಂಟಿಸಿಲ್ಲ.

ಇನ್ನೊಂದು ವಿಷಯ. ನೀವು ಹೋದದ್ದು ಮಗುವಿನ ಅಳು ತಡೆಯಲಾರದೆ, ನನ್ನ ಕೈಲಾಗದತನ ನೋಡಲಾರದೆ ಎಂದು ನಾನು ಮೂರು ತಿಂಗಳು ನಂಬಿದ್ದೆ.

ನಿಮ್ಮ,
ಐಲ್ಸಾ


ಐಮತ್
20 ಸೆಪ್ಟೆಂಬರ್

ಐಲ್ಸಾ,

ಗ್ರೇಮ್‌ಗೆ ನಾನೇ ಬರೆದಿದ್ದೇನೆ, ಇದೇ ಅಂಚೆಯಲ್ಲಿ. ಬೈದುಕೊಳ್ಳಲಿ. ಅವನ ಬಾಯಲ್ಲಿ ಬೈಸಿಕೊಂಡು ಬಹಳ ದಿನವಾಯಿತು.

ಅಳುವ ಕೂಸಿರುವ ಮನೆ ಬಿಟ್ಟು ಯಾರಾದರೂ ಹೋಗುತ್ತಾರೇನೇ? ನೀನು ಅಷ್ಟು ಹೊತ್ತೂ ಮಗುವನ್ನೆತ್ತಿಕೊಂಡು ಮೇಲೆ ಓಡಾಡುತ್ತಿದ್ದೆ. ಮೆಟ್ಟಿಲು ಹತ್ತಿ ಬಂದು ನಿನ್ನ ಕೈಯಿಂದ ಅವಳನ್ನು ಇಸಿದುಕೊಳ್ಳಲು ನನ್ನ ಕಾಲಿನಲ್ಲಿ ಆಗುತ್ತಿರಲಿಲ್ಲ. ಕೆಳಗೆ ಕೂತು ಛಾವಣಿ ನೋಡುತ್ತಿದ್ದೆ. ಆ ಮೆಟ್ಟಿಲಿಗೋಸ್ಕರವೇ ಈ ಕಾಲು ಕೊಯ್ಯಿಸಿಕೊಂಡದ್ದು, ಗುಡ್ಡಕ್ಕಲ್ಲ. ಗುಡ್ಡ ಇನ್ನು ನಿನ್ನದು.

ಕಾರ್ಬಿಯ ಕುರಿಗಳನ್ನು ಹಿಂದಿನಿಂದ ಅಟ್ಟಬೇಡಿ, ಚದುರುತ್ತವೆ. ಎಡಗೊಂಬು ಮುರಿದ ಮುದಿ ಕುರಿಯೊಂದಿದೆ. ಅದನ್ನು ಮೊದಲು ಹಳ್ಳ ದಾಟಿಸಿ ಸುಮ್ಮನೆ ನಿಲ್ಲಿ. ಅದು ಒಂದು ಸಲ ತಿರುಗಿ ನೋಡುತ್ತದೆ, ಆಮೇಲೆ ಉಳಿದವು ತಾವಾಗಿಯೇ ಇಳಿಯುತ್ತವೆ. ಅವಸರ ಬೇಡ. ಜಿಪ್‌ನನ್ನು ಮಲಗಿಸಿಡು.

ನಿನ್ನೆ ಬಂದರಿನ ಕಟ್ಟೆಯ ತುದಿಯವರೆಗೆ ನಡೆದೆ. ನಿಜವಾಗಿ.

ಎಲ್ಸ್‌ಪೆತ್

ನ್ಯಾನ್ ಸಾಕ್ಷಿ. ಅರ್ಧ ದಾರಿ.


ಹೇರ್‌ಹೋಪ್
3 ಅಕ್ಟೋಬರ್

ಪ್ರೀತಿಯ ಅತ್ತೆ,

ಇವತ್ತು ಇಳಿಸಿದೆವು.

ನಿಮ್ಮ ಕಾಗದ ಬಂದ ದಿನದಿಂದ ಹೇಳುತ್ತೇನೆ. ಗ್ರೇಮ್ ಅದನ್ನು ಕುರಿಮನೆಗೆ ಒಯ್ದು ಓದಿದ. ಬೈಯುವುದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. "ಹತ್ತು ವರ್ಷ! ನಂಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು ಈ ಮುದುಕಿಗೆ? ಕಾಲು ಮುರ್ಕೊಂಡು ಕೂತು ದುರ್ಬೀನು ನೋಡ್ತಾಳಂತೆ!" ಆಮೇಲೆ ದನಿ ನಿಂತಿತು. ಹೋಗಿ ನೋಡಿದರೆ ಜಿಪ್‌ನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ, ಕಣ್ಣು ಕೆಂಪಗಿತ್ತು. ಕಂಪನಿಗೆ ಬರೆದದ್ದನ್ನು ಹರಿದು ಹಾಕಲಿಲ್ಲ, ಅದು ನಿಮ್ಮ ಮಗನ ಜಾಯಮಾನವಲ್ಲ. "ಮೂರು ವರ್ಷ ನೋಡೋಣ. ಪ್ರತಿ ವರ್ಷ ನಿನ್ನ ಆ ಗೆಳತಿಗೆ ಹಿಕ್ಕೆ ಕಳ್ಸು. ಸಂಖ್ಯೆ ಇಳೀದಿದ್ರೆ ಆಮೇಲೆ ಮಾತಾಡೋಣ" ಅಂದ. ಕಂಪನಿಗೆ ಈಗ ಆಗುವುದಿಲ್ಲ ಎಂದು ಬೇರೆ ಕಾಗದ ಹೋಯಿತು. ಆರ್ಚಿ ಅದನ್ನು ಈಸಿಕೊಳ್ಳುವ ಮೊದಲು ಮೂಸಿ ನೋಡಿದ.

ಮುದಿ ಕುರಿ ನೀವು ಹೇಳಿದ ಹಾಗೇ ಹಳ್ಳ ದಾಟಿ ತಿರುಗಿ ನೋಡಿತು. ಎಷ್ಟು ಹೊತ್ತು ನೋಡಿತೆಂದರೆ ಟರ್ನ್‌ಬುಲ್ ಟೋಪಿ ತೆಗೆದು, "ಏನಮ್ಮಾ, ಫೋಟೋ ತೆಗೀಬೇಕಾ?" ಎಂದು ಕೇಳಿದರು. ಆಮೇಲೆ ಉಳಿದವು ಒಂದರ ಹಿಂದೆ ಒಂದು ಇಳಿದವು. ರೋನಾ ನನ್ನ ಬೆನ್ನಿನ ಮೇಲೆ ಎಚ್ಚರವಾಗಿದ್ದು ಎಲ್ಲವನ್ನೂ ನೋಡಿದಳು. ಈಗೀಗ ಅವಳು ರಾತ್ರಿ ಐದು ಗಂಟೆ ಒಂದೇ ಸಮ ಮಲಗುತ್ತಾಳೆ. ಮೊದಲ ಸಲ ಹಾಗಾದಾಗ ನಾನು ಐದು ಗಂಟೆಯೂ ಕೂತು ಕಾದೆ. ಎರಡನೇ ಸಲ ನಾನೂ ಮಲಗಿದೆ.

ಹೊಲದ ಗೇಟಿನ ಹತ್ತಿರ ಬಂದಾಗ ನೋಡುತ್ತೇನೆ, ಗ್ರೇಮ್ ಬೆನ್ನಿಗೆ ಬಿಳಿ ಔಷಧಿಯ ಡಬ್ಬಿ ಹಾಕಿಕೊಂಡು ಪಿಚಕಾರಿ ಹಿಡಿದು ನಿಂತಿದ್ದಾನೆ. ಬೇಕೆಂದು ಮಾಡಿದ್ದಲ್ಲ. ಕೈ ತನ್ನಷ್ಟಕ್ಕೆ ಗೂಟದಿಂದ ತೆಗೆದುಕೊಂಡು ಬಂದಿದೆ. ಮೊದಲ ಮರಿಯ ದವಡೆ ಹಿಡಿದು ಮೂತಿ ನೇರ ಮಾಡಿಯೂ ಆಗಿತ್ತು. ನಾನು ಕೂಗುವ ಮೊದಲು ಅವನೇ ತನ್ನ ಕೈಯನ್ನು ನೋಡಿಕೊಂಡ. "ಕುಡಿಸ್ದೇ ಬಿಡೋದು ಅಂದ್ರೆ ಬಟ್ಟೆ ಹಾಕ್ದೆ ಪೇಟೆಗೆ ಕಳ್ಸಿದ ಹಾಗೆ ಆಗುತ್ತಲ್ಲೇ" ಅಂದ. ಆಮೇಲೆ ಮರಿಯ ದವಡೆ ಬಿಟ್ಟು, ಬೆನ್ನಿಗೆ ಮೆತ್ತಗೆ ಒಂದು ತಟ್ಟಿ, ಗೇಟು ಪೂರ್ತಿ ತೆರೆದ.

ನೂರಾ ನಲವತ್ತು ಮರಿಗಳು ಓಡಿ ಒಳಗೆ ಹೋದವು. ಹುಲ್ಲಿನ ನಡುವೆ ನಿಂತು ಅತ್ತಿತ್ತ ನೋಡಿದವು. ಆಮೇಲೆ ಒಂದು ಬಾಲ ಎತ್ತಿತು. ಅದರ ಪಕ್ಕದ್ದು ಎತ್ತಿತು. ನೋಡನೋಡುತ್ತಿದ್ದಂತೆ ಹೊಲದ ತುಂಬ ಹಿಕ್ಕೆ, ಹದವಾದ, ಉರುಟಾದ, ಕರಿಯ ಹಿಕ್ಕೆ. ಅದಕ್ಕಿಂತ ಚೆಂದದ್ದನ್ನು ಈ ವರ್ಷ ನಾನು ನೋಡಿಲ್ಲ. ಬೆನ್ನಿನ ಮೇಲಿರುವವಳನ್ನು ಬಿಟ್ಟು.

ನಾವಿಬ್ಬರೂ ಗೇಟಿಗೆ ಒರಗಿಕೊಂಡು ನಿಂತೇ ಇದ್ದೆವು. ಟರ್ನ್‌ಬುಲ್ ಅಷ್ಟು ದೂರ ಹೋದವರು ಹಿಂದಿರುಗಿ ಬಂದು ಕೇಳಿದರು.

"ಏನಯ್ಯಾ, ಗಂಡ ಹೆಂಡತಿ ಇಷ್ಟೊತ್ತು ಏನು ನೋಡ್ತಿದೀರಿ?"

"ಬಿತ್ತನೆ" ಅಂದ ನಿಮ್ಮ ಮಗ.

ಐಲ್ಸಾ